ಖಾಲಿ ಲಾರಿ ನಡುಗುವುದಿಲ್ಲ

ಮೂರನೆಯ ಸಲ ಅವನು ಲಾರಿಯನ್ನು ನಮ್ಮ ವರ್ಕ್‌ಶಾಪಿನ ಮುಂದೆ ತಂದು ನಿಲ್ಲಿಸಿ, ತಲೆಯ ಮೇಲಿನ ಅಗಲ ಟೋಪಿಯನ್ನು ತೆಗೆದು ಎದೆಗೆ ಒತ್ತಿಕೊಂಡು, "ಮತ್ತೆ ನಡುಗ್ತಿದೆ" ಎಂದಾಗ ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಸಿಟ್ಟಿಗಿಂತ ಮುಂಚೆ ಬೇರೆ ಏನೋ ಬಂದುಬಿಟ್ಟಿತ್ತು. ತಿರುವಿನಲ್ಲಿ ಆ ಲಾರಿಯ ಹಾರ್ನ್ ಕೇಳಿಸಿದ್ದೇ ತಡ, ನಾನು ಕೈಯ ಗ್ರೀಸ್ ಒರೆಸಿಕೊಂಡು, ಜಡೆಯನ್ನು ಬಿಚ್ಚಿ ಹೊಸದಾಗಿ ಹೆಣೆದುಕೊಂಡಿದ್ದೆ. ಅದನ್ನು ಚಿಕ್ಕಪ್ಪ ನೋಡಿಬಿಟ್ಟಿದ್ದರು.

ಚಿಕ್ಕಪ್ಪನ ಲೇತ್ ಇರುವುದು ಹಿಂದಿನ ಶೆಡ್ಡಿನಲ್ಲಿ. ಕೈ ಲೇತಿನ ಮೇಲೆ, ಕಣ್ಣು ಮಾತ್ರ ಯಾವಾಗಲೂ ನಮ್ಮ ಅಂಗಳದ ಮೇಲೆ.

"ಎಲ್ಲಿ ನಡುಗುತ್ತೆ?" ಎಂದು ಕೇಳಿದೆ, ಆದಷ್ಟೂ ಗಡಸು ದನಿಯಲ್ಲಿ.

"ಅರವತ್ತು ಮುಟ್ಟಿದ ಮೇಲೆ. ಮೊದಲು ಸೀಟಿನ ಕೆಳಗೆ ಗುಂಯ್ ಅಂತ ಶುರುವಾಗುತ್ತೆ. ಆಮೇಲೆ ಬಾಗಿಲು, ಆಮೇಲೆ ಕನ್ನಡಿ, ಆಮೇಲೆ ನನ್ನ ಹಲ್ಲು."

"ಹಲ್ಲು ಗಟ್ಟಿಮುಟ್ಟಾಗೇ ಇವೆಯಲ್ಲ."

ಅವನು ನಕ್ಕ. ನಗಬಾರದಿತ್ತು. ಆ ನಗು ನೋಡಿದ ಮೇಲೆ ನನಗೆ ಸಿಟ್ಟನ್ನು ಎಲ್ಲಿಟ್ಟೆ ಎಂದು ಹುಡುಕುವುದೇ ಕೆಲಸವಾಯಿತು.

ಅವನು ಜೇನು ಸಾಕುವವನು. ಹೂವು ಎಲ್ಲಿ ಅರಳುತ್ತದೋ ಅಲ್ಲಿಗೆ ಜೇನುಪೆಟ್ಟಿಗೆಗಳನ್ನು ಲಾರಿಯಲ್ಲಿ ಒಯ್ದು ಇಡುವುದು, ಅಲ್ಲಿ ಹೂವು ಮುಗಿದರೆ ಇನ್ನೊಂದು ಕಡೆಗೆ ಹೊರಡುವುದು, ಇದು ಅವನ ಕಸುಬು. ಲಾರಿ ಮೊದಲು ಅವನ ದೊಡ್ಡಮ್ಮನದಾಗಿತ್ತು. ತಾಯಿ ಇಲ್ಲದ ಹುಡುಗನನ್ನು ಸಾಕಿದವಳು, ಜೇನು ಕಲಿಸಿದವಳು, ಸ್ಟಿಯರಿಂಗ್ ಕೈಗೆ ಕೊಟ್ಟವಳು ಎಲ್ಲ ಆಕೆಯೇ. ಆಕೆ ತೀರಿಕೊಂಡ ಮೇಲೆ ಅವನು ಲಾರಿಯನ್ನೇ ದೊಡ್ಡಮ್ಮ ಎಂದು ಕರೆಯತೊಡಗಿದ್ದ. ನಮ್ಮ ವರ್ಕ್‌ಶಾಪಿನಲ್ಲೂ ಅದೇ ಹೆಸರು ನಿಂತುಹೋಯಿತು.

ದೊಡ್ಡಮ್ಮ ಮೊದಲ ಸಲ ನಮ್ಮಲ್ಲಿಗೆ ಬಂದದ್ದು ಇನ್ನೊಂದು ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು. ಎಂಜಿನ್ ಪೂರ್ತಿ ಕೈಕೊಟ್ಟಿತ್ತು. ಹಿಂದೆ ಒಂದೇ ಒಂದು ಜೇನುಪೆಟ್ಟಿಗೆ ಉಳಿದಿತ್ತು, ಅದರ ಬಾಗಿಲ ಜಾಲರಿ ಸಡಿಲವಾಗಿತ್ತು. ಆಮೇಲೆ ನಡೆದದ್ದನ್ನು ಚಿಕ್ಕಪ್ಪ ಇವತ್ತಿಗೂ ಗಿರಾಕಿಗಳ ಮುಂದೆ ಅಭಿನಯಿಸಿ ತೋರಿಸುತ್ತಾರೆ. ಒಂದು ಹುಳ ಅಪ್ಪನ ಮೂಗಿಗೆ ಕಚ್ಚಿತು. ಇನ್ನೊಂದು ನನ್ನ ಕಾಲರಿನೊಳಗೆ ಇಳಿಯಿತು. ನಾನು ಕುಣಿದ ಕುಣಿತಕ್ಕೆ ಸ್ಪ್ಯಾನರ್ ಡಬ್ಬಿಯೇ ಉರುಳಿಬಿತ್ತು.

"ಇನ್ನೊಂದು ಸಲ ಈ ಅಂಗಳಕ್ಕೆ ಒಂದೇ ಒಂದು ಹುಳ ಬಂದ್ರೂ ನಿಮ್ಮ ಲಾರಿಗೆ ನಾನು ಕೈ ಹಾಕಲ್ಲ!" ಎಂದು ಅಂಗಳದ ನಡುವೆ ನಿಂತು ಕೂಗಿದ್ದೆ.

ಅವನು ಗಾಬರಿಯಿಂದ, "ಬರಲ್ಲ ಮೇಡಂ, ಖಂಡಿತ ಬರಲ್ಲ" ಎಂದಿದ್ದ. ಹೇಳಿದ ಹಾಗೆ ನಡೆದುಕೊಂಡ. ಆಮೇಲೆ ದೊಡ್ಡಮ್ಮ ಬಂದಾಗಲೆಲ್ಲ ಹಿಂಭಾಗ ಗುಡಿಸಿ ತೊಳೆದ ಪಡಸಾಲೆಯ ಹಾಗಿರುತ್ತಿತ್ತು. ಹುಳ ಹೋಗಲಿ, ಹುಳದ ಒಂದು ರೆಕ್ಕೆಯೂ ಇರುತ್ತಿರಲಿಲ್ಲ.

ಎಂಜಿನ್ ಬದಲಿಸುವ ಕೆಲಸವನ್ನು ಮೊದಲ ಬಾರಿಗೆ ಅಪ್ಪ ಪೂರ್ತಿಯಾಗಿ ನನಗೆ ಬಿಟ್ಟಿದ್ದು ಈ ಲಾರಿಯಲ್ಲೇ. ಬೆನ್ನುನೋವು ಶುರುವಾದ ಮೇಲೆ ಅವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ಬೇರೊಂದು ಲಾರಿಯ ಎಂಜಿನ್ ಗೇರ್‌ಬಾಕ್ಸ್ ಸಮೇತ ಸಿಕ್ಕಿತು. ಅದನ್ನು ಕಂಡು ಅಪ್ಪ ಹೇಳಿದ್ದು ಇಷ್ಟೇ: "ಬೇರೆ ಎಂಜಿನ್ ಅಂದ್ರೆ ಹೊಸ ಸೊಸೆ ಕಣಮ್ಮ. ಒಬ್ಬಳು ಬಂದ್ರೆ ಮನೇಲಿ ಎಲ್ಲರೂ ಸ್ವಲ್ಪ ಸರಿದು ಕೂರಬೇಕಾಗುತ್ತೆ."

ಸರಿದು ಕೂರಬೇಕಾದವರು ಇವರು. ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವುದು ಲಾರಿಯ ಹೊಟ್ಟೆಯ ಕೆಳಗೆ ತಿರುಗುವ ಉದ್ದನೆಯ ಶಾಫ್ಟಿನಿಂದ. ಅದು ಎರಡು ತುಂಡು. ಎರಡೂ ಸೇರುವಲ್ಲಿ ಲಾರಿಯ ಕೆಳಚೌಕಟ್ಟಿಗೆ, ಅಂದರೆ ಛಾಸಿಗೆ, ತೂಗುಹಾಕಿದ ಒಂದು ಬೇರಿಂಗ್ ಅದನ್ನು ಹೊತ್ತಿರುತ್ತದೆ. ಮುಂದೆ ಗೇರ್‌ಬಾಕ್ಸಿನ ಬಾಲ, ಹಿಂದೆ ಚಕ್ರಗಳ ನಡುವಿನ ಹೌಸಿಂಗಿನ ಮೂತಿ, ನಡುವೆ ಈ ಸೆಂಟರ್ ಬೇರಿಂಗ್. ಮೂರರ ಓರೆಯೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ನಿಧಾನಕ್ಕೆ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ವೇಗ ಏರಿದರೆ ಲಾರಿಗೆ ಚಳಿಜ್ವರ ಬಂದ ಹಾಗಾಗುತ್ತದೆ.

ನಾನು ಲಾರಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸಿ, ಗೇಜ್ ಇಟ್ಟು ಓರೆ ಅಳೆದು, ಬೇರಿಂಗ್ ಕೆಳಗೆ ಇಳಿಯಲೆಂದು ಅದಕ್ಕೂ ಛಾಸಿಗೂ ನಡುವೆ ಒಂದು ಕಬ್ಬಿಣದ ತಗಡನ್ನು ಪ್ಯಾಕಿಂಗ್ ಕೊಟ್ಟಿದ್ದೆ. ಅವನು ಮೊದಲ ಸಲ ನಡುಗುತ್ತದೆ ಎಂದು ಬಂದಾಗ ಇನ್ನೊಂದು ತಗಡು ಕೊಟ್ಟೆ. ಎರಡನೆಯ ಸಲ ಬಂದಾಗ ಶಾಫ್ಟಿನ ಜಾಯಿಂಟ್ ಕ್ರಾಸ್‌ಗಳನ್ನೇ ಬದಲಿಸಿದೆ. ಆ ದಿನಗಳಲ್ಲಿ ನಮ್ಮ ಮಾತುಕತೆಯೆಲ್ಲ ನಡೆದದ್ದು ನಾನು ಲಾರಿಯ ಕೆಳಗೆ, ಅವನು ಪಕ್ಕದ ಸ್ಟೂಲಿನ ಮೇಲೆ. ನನಗೆ ಕಾಣುತ್ತಿದ್ದದ್ದು ಅವನ ಶೂ ಮಾತ್ರ.

"ನಿಮ್ಮ ಒಂದು ಶೂ ದಾರ ಕಪ್ಪು, ಇನ್ನೊಂದು ಕಂದು."

"ನೀವು ಲಾರಿ ನೋಡ್ತಿದ್ದೀರಿ ಅಂದ್ಕೊಂಡಿದ್ದೆ."

"ಇಲ್ಲಿಂದ ಎರಡೂ ಕಾಣುತ್ತೆ."

ಮೇಲಿನಿಂದ ಮೆಲ್ಲನೆ, "ಇಲ್ಲಿಂದ ನಿಮ್ಮ ಕಾಲು ಮಾತ್ರ ಕಾಣುತ್ತೆ. ನಿಮ್ಮ ಸಾಕ್ಸ್ ತೂತಾಗಿದೆ" ಎಂದ. ನಾನು ಕಾಲನ್ನು ಸರ್ರನೆ ಒಳಗೆ ಎಳೆದುಕೊಂಡೆ. ಅವತ್ತು ನಟ್ ಬಿಗಿಮಾಡುವಾಗ ನನಗೆ ಎಡ ಬಲ ತಿಳಿಯಲಿಲ್ಲ.

ಈಗ ಮೂರನೆಯ ಸಲ. ಈ ಸಲ ಕೆಳಗೆ ನುಗ್ಗುವ ಬದಲು, "ಕೀ ಕೊಡಿ, ನಾನೇ ಓಡಿಸಿ ನೋಡ್ತೀನಿ. ನೀವೂ ಬನ್ನಿ" ಎಂದೆ.

ಊರು ದಾಟಿ ಬೈಪಾಸಿಗೆ ಹೋದೆವು. ಐವತ್ತು, ಅರವತ್ತು, ಅರವತ್ತೈದು. ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ ಬಾಟಲಿಯ ನೀರು ಕೂಡ ಅಲುಗಲಿಲ್ಲ. ಅವನು ಒಂದು ಸಲ ಬಾಟಲಿಯನ್ನು, ಒಂದು ಸಲ ನನ್ನನ್ನು ನೋಡಿದ. ನಾನು ರಸ್ತೆಯನ್ನು ನೋಡಿದೆ. ಕಿಟಕಿಯ ಗಾಳಿಗೆ ನನ್ನ ಕೂದಲ ಎಳೆಯೊಂದು ಬಾಯಿಗೆ ಬಂತು, ಅವನ ಕೈ ಅರ್ಧ ಎದ್ದು ಮತ್ತೆ ಮಂಡಿಯ ಮೇಲೆ ಹೋಗಿ ಕೂತಿತು.

"ಎಲ್ಲಿ ನಡುಕ?"

"ಈಗ ಇಲ್ಲ" ಎಂದ, ತನಗೇ ನಂಬಿಕೆ ಬಾರದವನ ಹಾಗೆ. "ಆದರೆ ಇತ್ತು. ನಿಜವಾಗ್ಲೂ ಇತ್ತು."

ವಾಪಸ್ ಬಂದಾಗ ಚಿಕ್ಕಪ್ಪ ಲೇತ್ ನಿಲ್ಲಿಸಿ ಕೈ ಒರೆಸುತ್ತ ಕಾಯುತ್ತಿದ್ದರು. ನನ್ನನ್ನು ಒಂದು ಪಕ್ಕಕ್ಕೆ ಕರೆದರು.

"ನಡುಗ್ತಾ?"

"ಇಲ್ಲ."

"ಲಾರಿ ನಡುಗಲ್ಲ ಕಣೇ ಹುಚ್ಚಿ. ಹುಡುಗ ನಡುಗ್ತಾನೆ. ಇಷ್ಟು ದೂರ ಬರೋಕೆ ಏನಾದ್ರೂ ನೆಪ ಬೇಕಲ್ಲ ಅವನಿಗೆ."

ಆ ಮಾತು ನನ್ನ ಕಿವಿಗೆ ಎಷ್ಟು ಹಿತವಾಗಿತ್ತು ಎಂದರೆ, ಅದು ನಿಜವೋ ಅಲ್ಲವೋ ಎಂದು ಯೋಚಿಸುವ ಗೋಜಿಗೇ ನಾನು ಹೋಗಲಿಲ್ಲ. ನೆಪ! ನನಗಾಗಿ! ಮುಖದಲ್ಲಿ ನಗು ತಡೆಯಲಾರದೆ ಅವನ ಬಳಿಗೆ ಹೋದೆ. ಅವನು ಬಾನೆಟ್ಟಿಗೆ ಒರಗಿ ನಿಂತಿದ್ದ.

"ಒಂದು ಮಾತು ಕೇಳ್ಲಾ? ನಿಜ ಹೇಳಬೇಕು."

"ಕೇಳಿ."

"ಲಾರಿ ನಡುಗೋದೇ ಇಲ್ಲ, ಅಲ್ವಾ? ಸುಮ್ನೆ ಹೇಳ್ತಿದ್ದೀರಿ."

ಅವನು ನಗುತ್ತಾನೆ, ಕಿವಿ ಕೆಂಪಾಗುತ್ತದೆ, ಗೊತ್ತಾಗಿಬಿಡ್ತಾ ಎನ್ನುತ್ತಾನೆ ಎಂದೆಲ್ಲ ಅಂದುಕೊಂಡಿದ್ದೆ. ಕಿವಿ ಕೆಂಪಾದದ್ದೇನೋ ಹೌದು.

"ನಾನು ಸುಳ್ಳು ಹೇಳಲ್ಲ" ಎಂದ. ದನಿ ಎತ್ತರಿಸಲಿಲ್ಲ. "ನಿಮಗೆ ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅನ್ನಿ. ಪರವಾಗಿಲ್ಲ. ಆದರೆ ನಾನು ಸುಳ್ಳು ಹೇಳ್ತೀನಿ ಅನ್ನಬೇಡಿ."

"ಅಯ್ಯೋ, ನಾನು ಹಾಗಲ್ಲ..."

ಅವನು ಟೋಪಿ ಹಾಕಿಕೊಂಡು ಹತ್ತಿ ಕೂತು ಹೊರಟುಹೋದ. ದೊಡ್ಡಮ್ಮ ತಿರುವಿನಲ್ಲಿ ಹಾರ್ನ್ ಕೂಡ ಮಾಡಲಿಲ್ಲ.

ಅದಾದ ಮೇಲೆ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಚಿಕ್ಕಪ್ಪನ ಜೊತೆಗಂತೂ ಇಲ್ಲವೇ ಇಲ್ಲ. ಅವರು ಲೇತಿನ ಹಿಂದಿನಿಂದ ಎರಡು ಸಲ ಚಹಾ ಕಳಿಸಿ ರಾಜಿಗೆ ನೋಡಿದರು. ಚಹಾ ಕುಡಿದೆ, ರಾಜಿ ಆಗಲಿಲ್ಲ.

ವಾರ ಕಳೆದಿರಬೇಕು, ಅವನು ಅಪ್ಪನಿಗೆ ಫೋನ್ ಮಾಡಿದ. ಅಪ್ಪ ಹ್ಞೂಂ ಹ್ಞೂಂ ಎಂದು ಕೇಳಿಸಿಕೊಂಡು ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಸೂರ್ಯಕಾಂತಿ ಹೂ ಬಿಟ್ಟಿದೆಯಂತೆ. ಪೆಟ್ಟಿಗೆ ಒಯ್ಯಬೇಕಾದ ಹೊತ್ತು. ಆದರೆ ಹೋದ ಟ್ರಿಪ್ಪಿನಲ್ಲಿ ನಡುಕಕ್ಕೆ ಗೂಡಿನೊಳಗಿನ ಮೇಣದ ಎರಿಗಳು ಕಳಚಿ ಬಿದ್ದು ತುಂಬಾ ಹುಳ ಸತ್ತವಂತೆ. ಇನ್ನೊಂದು ಸಲ ಹಾಗಾದ್ರೆ ಏನೂ ಉಳಿಯಲ್ಲ ಅಂತ, ಪೆಟ್ಟಿಗೆಗಳನ್ನೆಲ್ಲ ತನ್ನ ಭಾವನಿಗೆ ಕೊಟ್ಟುಬಿಡ್ತಾನಂತೆ. ಭಾವನ ಗೋಡೌನಿನಲ್ಲಿ ಕೆಲಸವೂ ಸಿಗುತ್ತಂತೆ, ಅಲ್ಲೇ ಇದ್ದುಬಿಡ್ತಾನಂತೆ."

"ಲಾರಿ?"

"ಪೆಟ್ಟಿಗೆ ಇಳಿಸಿದ ಮೇಲೆ ಗುಜರಿಗೆ."

ದೊಡ್ಡಮ್ಮನನ್ನು ಗುಜರಿಗೆ ಹಾಕುವುದು ಅವನಿಗೆ ಏನು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಸತ್ತ ಹುಳಗಳ ಸುದ್ದಿಯನ್ನು ಅವನು ನನಗೆ ಹೇಳಿರಲೇ ಇಲ್ಲ. ನನ್ನ ಕೆಲಸಕ್ಕೆ ಕೆಟ್ಟ ಮಾತು ಬರಬಾರದೆಂದು ಹಲ್ಲು ನಡುಗುತ್ತದೆ ಎಂದು ತಮಾಷೆ ಮಾಡಿದ್ದ.

ಅಪ್ಪ ನನ್ನನ್ನೇ ನೋಡುತ್ತಿದ್ದರು. "ಸ್ಕೂಟರ್ ಕೀ ಮೊಳೆಗೆ ನೇತುಹಾಕಿದೆ" ಎಂದರು.

ಅವನ ಮನೆ ಊರಾಚೆ, ತೋಪಿನ ಅಂಚಿನಲ್ಲಿ. ನಾನು ಹೋದಾಗ ಬಿಸಿಲು ಇಳಿಯುತ್ತಿತ್ತು. ಶೆಡ್ಡಿನ ಮೇಜಿನ ಮೇಲೆ ಮುರಿದ ಎರಿಗಳನ್ನು ಹರಡಿಕೊಂಡು, ಅವುಗಳನ್ನು ಚೌಕಟ್ಟಿಗೆ ದಾರದಿಂದ ಕಟ್ಟುತ್ತಿದ್ದ. ಕಟ್ಟುತ್ತಿದ್ದ ರೀತಿ ನೋಡಿ ನನಗೆ ಸಂಕಟವಾಯಿತು, ಮಗುವಿನ ಕೈಗೆ ಬ್ಯಾಂಡೇಜು ಸುತ್ತುವವರ ಹಾಗೆ ಅಷ್ಟು ಮೆಲ್ಲಗೆ ಸುತ್ತುತ್ತಿದ್ದ.

"ಇಲ್ಲಿ ಹುಳ ಇರುತ್ತೆ" ಎಂದ, ತಲೆ ಎತ್ತದೆ.

"ಗೊತ್ತು."

"ಕಚ್ಚಿದ್ರೆ ನನ್ನನ್ನ ಕೇಳಬೇಡಿ."

"ಕೇಳಲ್ಲ."

ಅವನು ಎದ್ದು ಒಂದು ಪೆಟ್ಟಿಗೆಯನ್ನು ಲಾರಿಗೆ ಸಾಗಿಸಲು ಹೋದ. ಮಂಡಿ ಬಗ್ಗಿಸಿ, ಎರಡೂ ತೋಳು ಸುತ್ತಿ, ಉಸಿರು ಬಿಗಿಹಿಡಿದು ಎತ್ತಿದ. ನನಗೆ ಏನೋ ತಟ್ಟಿದ ಹಾಗಾಯಿತು. ಪಕ್ಕದ ಪೆಟ್ಟಿಗೆಗೆ ನಾನೂ ಕೈ ಹಾಕಿದೆ. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ನಾನು ಗೇರ್‌ಬಾಕ್ಸ್ ಎತ್ತುವವಳು.

"ಇದರಲ್ಲಿ ಏನಿದೆ?"

"ಜೇನು" ಎಂದ. "ಮತ್ತೇನಿರುತ್ತೆ?"

"ಇಷ್ಟು ಭಾರ ಇರುತ್ತಾ? ಹುಳಕ್ಕೆ ಏನು ತೂಕ ಅಂದ್ಕೊಂಡಿದ್ದೆ."

"ಹುಳಕ್ಕೆ ತೂಕ ಇಲ್ಲ. ಅವು ಕೂಡಿಟ್ಟಿದ್ದಕ್ಕೆ ತೂಕ." ಪೆಟ್ಟಿಗೆಯನ್ನು ಲಾರಿಯ ಹಿಂಬದಿಯ ಅಂಚಿಗೆ ಇಟ್ಟ. ಆಗಲೇ ತುಂಬಿದ್ದ ಸಾಲುಗಳೂ ಹಿಂಬದಿಗೇ ಒತ್ತಿಕೊಂಡಿದ್ದವು, ಮುಂದಿನ ಅರ್ಧ ಖಾಲಿ.

"ಎಲ್ಲ ಹಿಂದೆ ಯಾಕೆ?"

"ಎಂಜಿನ್ ಬಿಸಿ ತಾಗಬಾರದು ಅಂತ. ದೊಡ್ಡಮ್ಮ ಹಾಗೇ ಇಡ್ತಿದ್ಲು."

ನಾನು ಬಗ್ಗಿ ಲಾರಿಯ ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ನೋಡಿದೆ. ನಮ್ಮ ಅಂಗಳದಲ್ಲಿ ಬಿಲ್ಲಿನಂತೆ ಬಾಗಿರುತ್ತಿದ್ದವು. ಇಲ್ಲಿ ಚಪ್ಪಟೆಯಾಗಿ ಮಲಗಿದ್ದವು. ಛಾಸಿ ಕೂತಿತ್ತು, ಹೌಸಿಂಗ್ ಅದರ ಹತ್ತಿರಕ್ಕೆ ಬಂದುಬಿಟ್ಟಿತ್ತು, ಶಾಫ್ಟಿನ ಓರೆಯೇ ಬೇರೆಯಾಗಿತ್ತು. ನಾನು ಅಳೆದದ್ದು ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿದ್ದ ಖಾಲಿ ಲಾರಿಯನ್ನು. ಓಡಿಸಿದ್ದೂ ಖಾಲಿ ಲಾರಿಯನ್ನು.

"ನೀವು ನಮ್ಮಲ್ಲಿಗೆ ಬರುವಾಗ ಈ ಪೆಟ್ಟಿಗೆಗಳನ್ನೆಲ್ಲ..."

"ಇಳಿಸಿ ಬರ್ತಿದ್ದೆ. ಪ್ರತಿ ಸಲ." ಬೆವರು ಒರೆಸಿಕೊಂಡ. "ನೀವೇ ಹೇಳಿದ್ರಲ್ಲ, ಒಂದು ಹುಳ ಬಂದ್ರೂ ಕೈ ಹಾಕಲ್ಲ ಅಂತ."

ಕಣ್ಣಲ್ಲಿ ನೀರು ಬಂತು, ಅದರ ಜೊತೆಗೇ ನಗು ಬಂತು. ಇಷ್ಟೊಂದು ಭಾರವನ್ನು ಒಬ್ಬನೇ ಇಳಿಸಿ, ಗುಡಿಸಿ, ತೊಳೆದು, ನನ್ನ ಒಂದು ಕೂಗಾಟದ ಮಾತನ್ನು ನಡೆಸಿಕೊಟ್ಟಿದ್ದ. ಅದೇ ಕಾರಣಕ್ಕೆ ತಪ್ಪು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ನಾಳೆ ಎಷ್ಟು ಹೊತ್ತಿಗೆ ಹೊರಡ್ತೀರಿ?"

"ಬೆಳಕು ಹರಿಯೋ ಮುಂಚೆ. ಬಿಸಿಲೇರಿದ್ರೆ ಮುಚ್ಚಿದ ಪೆಟ್ಟಿಗೆಯಲ್ಲಿ ಹುಳ ಬೇಯುತ್ತವೆ."

"ನಾನೂ ಬರ್ತೀನಿ."

"ಭಾವನ ಮನೆಗಾ?"

"ನಡುಕದವರೆಗೆ" ಎಂದೆ.

ಮನೆಗೆ ಹೋಗಿ ಬೆಳಗಿನ ಜಾವಕ್ಕೆ ಮರಳಿ ಬಂದು ಲಾರಿ ಹತ್ತಿದೆ. ನನ್ನ ಕಾಲ ಬಳಿ ಟೂಲ್ ಬ್ಯಾಗ್, ಬೆನ್ನ ಹಿಂದೆ ಮುಚ್ಚಿದ ಪೆಟ್ಟಿಗೆಗಳ ಮಂದ್ರದ ಗುನುಗು. ಐವತ್ತು. ಐವತ್ತೈದು. ಅರವತ್ತು ಮುಟ್ಟುವ ಹೊತ್ತಿಗೆ ಸೀಟಿನ ಕೆಳಗೆ ಗುಂಯ್ ಎಂದು ಶುರುವಾಯಿತು. ಬಾಗಿಲು ಅದರಿತು. ಕನ್ನಡಿಯಲ್ಲಿ ರಸ್ತೆ ಎರಡಾಯಿತು. ಹಿಂದೆ ಗುನುಗು ಏರಿ ಏರಿ ಅಳುವಿನಂಥ ಸದ್ದಾಯಿತು.

"ನಿಲ್ಸಿ! ನಿಲ್ಸಿ!" ಎಂದು ಕೂಗಿದೆ. ಇಷ್ಟು ದಿನ ಅವನು ಇದನ್ನು ಕೇಳಿಕೊಂಡು ಒಬ್ಬನೇ ಓಡಿಸಿದ್ದ.

ರಸ್ತೆ ಪಕ್ಕದ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟೆವು. ಜಾಕ್ ಹಾಕಲಿಲ್ಲ. ಲಾರಿ ತನ್ನ ಕಾಲ ಮೇಲೆ, ತನ್ನ ಹೊರೆ ಹೊತ್ತುಕೊಂಡೇ ನಿಂತಿರಬೇಕಿತ್ತು. ನಾನು ಬೆನ್ನ ಮೇಲೆ ಕೆಳಗೆ ಸರಿದೆ. ಟಾರ್ಚ್ ಹಿಡಿಯಲು ಅವನೂ ಬಂದ. ಇಷ್ಟು ದಿನ ಅವನ ಶೂ ಮಾತ್ರ ಕಂಡಿದ್ದ ಜಾಗದಲ್ಲಿ ಈಗ ಅವನ ಮುಖವಿತ್ತು, ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ.

"ಟಾರ್ಚ್ ಬೇರಿಂಗ್ ಮೇಲೆ ಹಿಡೀರಿ. ನನ್ನ ಮೇಲಲ್ಲ."

"ಹ್ಞಾಂ. ಸಾರಿ."

ಗೇಜ್ ಇಟ್ಟೆ. ಗೇರ್‌ಬಾಕ್ಸಿನ ಬಾಲ, ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್, ಹೌಸಿಂಗಿನ ಮೂತಿ. ಅಳೆಯುವ ಮೊದಲೇ ಕಣ್ಣಿಗೆ ಹೊಡೆಯುತ್ತಿತ್ತು. ಹಿಂದಿನ ಹೌಸಿಂಗ್ ಭಾರಕ್ಕೆ ಛಾಸಿಯ ಹತ್ತಿರ ಬಂದಿತ್ತು, ನಡುವಿನ ಬೇರಿಂಗನ್ನು ಮಾತ್ರ ನನ್ನ ಎರಡು ತಗಡುಗಳು ಕೆಳಕ್ಕೆ ಒತ್ತಿ ಹಿಡಿದಿದ್ದವು. ನಡುಗಿಸುತ್ತಿದ್ದದ್ದು ನಾನೇ. ಸರಿಮಾಡಲೆಂದು ಕೊಟ್ಟಿದ್ದ ಪ್ಯಾಕಿಂಗೇ ಕೆಡಿಸಿತ್ತು, ಎರಡನೆಯದು ಇನ್ನಷ್ಟು ಕೆಡಿಸಿತ್ತು.

ಬೋಲ್ಟ್ ಸಡಿಲಿಸುತ್ತಿದ್ದೆ. ಎಲ್ಲಿಂದಲೋ ಒಂದು ಹುಳ ಹೊರಬಂದು ನನ್ನ ಮಣಿಕಟ್ಟಿನ ಮೇಲೆ ಕೂತಿತು. ಮೈಯೆಲ್ಲ ಜುಮ್ಮೆಂದಿತು. ಕೈ ಕೊಡವಿದರೆ ಬೇರಿಂಗಿನ ಬ್ರಾಕೆಟ್ ಮುಖದ ಮೇಲೆ ಬೀಳುತ್ತಿತ್ತು.

"ಉಸಿರು ನಿಧಾನಕ್ಕೆ ಬಿಡಿ" ಎಂದ ಅವನು, ನನ್ನ ಕಿವಿಯ ಪಕ್ಕದಲ್ಲೇ. "ಅದು ಕಚ್ಚೋಕೆ ಬಂದಿಲ್ಲ. ದಾರಿ ತಪ್ಪಿದೆ, ಅಷ್ಟೇ."

ನಾನು ಉಸಿರು ಬಿಟ್ಟೆ. ಅವನು ಬೆರಳನ್ನು ನನ್ನ ಮಣಿಕಟ್ಟಿಗೆ ತಾಗಿಸಿ ಇಟ್ಟ. ಹುಳ ನನ್ನ ಕೈಯಿಂದ ಅವನ ಬೆರಳಿಗೆ ಹತ್ತಿತು. ಹುಳ ಹತ್ತಿದ ಮೇಲೂ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಎರಡೂ ತಗಡು ತೆಗೆದೆ. ಬೇರಿಂಗ್ ಮೇಲೆ ಹೋಗಿ ಕೂತಿತು. ಮತ್ತೆ ಅಳೆದೆ. ಗೇರ್‌ಬಾಕ್ಸಿನ ಬಾಲ ಎಷ್ಟು ಬಗ್ಗಿತ್ತೋ ಹೌಸಿಂಗಿನ ಮೂತಿ ಹೆಚ್ಚುಕಡಿಮೆ ಅಷ್ಟೇ ಎದ್ದಿತ್ತು, ನಡುವಿನ ಶಾಫ್ಟು ಎರಡಕ್ಕೂ ಒಪ್ಪಿಗೆಯಾಗುವ ಹಾಗೆ ನಿಂತಿತ್ತು. ಬೋಲ್ಟ್ ಬಿಗಿದು ಹೊರಗೆ ಬಂದಾಗ ಪೂರ್ವದಲ್ಲಿ ಬೆಳಕು ಹಳದಿಯಾಗುತ್ತಿತ್ತು. ಅವನು ಪೆಟ್ಟಿಗೆಗಳ ಕಡೆ ಆತಂಕದಿಂದ ನೋಡಿದ.

"ಓಡಿಸಿ" ಎಂದೆ.

ಐವತ್ತು. ನಾನು ಸೀಟಿನ ಅಂಚು ಹಿಡಿದುಕೊಂಡೆ. ಅರವತ್ತು. ಅವನು ನನ್ನ ಕಡೆ ನೋಡಲಿಲ್ಲ, ನಾನು ಅವನ ಕಡೆ ನೋಡಲಿಲ್ಲ. ಅರವತ್ತೈದು. ಕನ್ನಡಿಯಲ್ಲಿ ರಸ್ತೆ ಒಂದೇ ಇತ್ತು. ಹಿಂದೆ ಗುನುಗು ಏರಲೂ ಇಲ್ಲ, ಇಳಿಯಲೂ ಇಲ್ಲ.

ಅವನು ಸ್ಟಿಯರಿಂಗನ್ನು ಒಮ್ಮೆ ಮೆಲ್ಲಗೆ ಸವರಿದ.

"ನಿಮ್ಮನ್ನ ಸುಳ್ಳುಗಾರ ಅಂದೆ" ಎಂದೆ.

"ಅಂದ್ರಿ."

"ಅದನ್ನ ಯಾಕೆ ಅಂದೆ ಅಂತ ಹೇಳ್ತೀನಿ, ರಸ್ತೆ ನೋಡ್ಕೊಂಡೇ ಕೇಳಿ. ನೀವು ಸುಳ್ಳು ನೆಪ ಹೇಳ್ಕೊಂಡು ನನ್ನನ್ನ ನೋಡೋಕೆ ಬರ್ತಿದ್ದೀರಿ ಅಂತ ಚಿಕ್ಕಪ್ಪ ಹೇಳಿದ್ರು. ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಲಾರಿಯನ್ನ ಇನ್ನೊಂದು ಸಲ ನೋಡಬೇಕು ಅಂತಾನೇ ಅನ್ನಿಸಲಿಲ್ಲ. ನಿಮ್ಮ ಹುಳ ಸಾಯೋದು ಗೊತ್ತಿದ್ರೆ ಹಾಗೆ ಮಾಡ್ತಿರಲಿಲ್ಲ. ನಿಮ್ಮ ಮೇಲೆ ನನಗೆ ಮನಸ್ಸಿದೆ. ಅದಕ್ಕೇ ಕೆಲಸ ಕೆಟ್ಟಿತು."

ಒಂದೇ ಉಸಿರಿಗೆ ಹೇಳಿ ಮುಗಿಸಿ ಕಿಟಕಿಯ ಕಡೆ ತಿರುಗಿದೆ. ಅವನು ರಸ್ತೆಯನ್ನೇ ನೋಡುತ್ತಿದ್ದ. ಹೇಳಿದ ಮಾತು ಕೇಳುವುದರಲ್ಲಿ ಅವನಿಗೆ ಸಾಟಿಯಿಲ್ಲ.

ಮುಂದೆ ದಾರಿ ಕವಲೊಡೆಯುತ್ತಿತ್ತು. ಎಡಕ್ಕೆ ಹೋದರೆ ಭಾವನ ಊರು, ಗೋಡೌನು, ಗುಜರಿ. ಬಲಕ್ಕೆ ಹೋದರೆ ಸೂರ್ಯಕಾಂತಿ ಹೊಲಗಳು. ಅವನು ವೇಗ ಇಳಿಸಿದ. ಇಂಡಿಕೇಟರ್ ಟಿಕ್ ಟಿಕ್ ಎಂದಿತು. ದೊಡ್ಡಮ್ಮ ಬಲಕ್ಕೆ ತಿರುಗಿದಳು.

ಹೊಲದ ಅಂಚಿನಲ್ಲಿ ಪೆಟ್ಟಿಗೆಗಳನ್ನು ಇಳಿಸಿ ಸಾಲಾಗಿ ಇಟ್ಟು ಬಾಗಿಲು ತೆರೆದೆವು. ಒಂದು ತುದಿ ಅವನು, ಒಂದು ತುದಿ ನಾನು. ಹುಳಗಳು ಹೊರಬಂದು, ಸುತ್ತ ತಿರುಗಿ ಜಾಗ ಗುರುತು ಹಾಕಿಕೊಂಡು, ಹೂವಿನ ಕಡೆ ಹೋದವು. ಅವನು ಭಾವನಿಗೆ ಫೋನ್ ಮಾಡಿ ಬರುವುದಿಲ್ಲ ಎಂದ. ಆಚೆಯಿಂದ ಬೈಗುಳ ನನಗೂ ಕೇಳಿಸಿತು.

ಹೂವು ಮುಗಿಯುವವರೆಗೆ ಅವನು ಅಲ್ಲೇ ಇರಬೇಕಿತ್ತು. ನನ್ನನ್ನು ಬಸ್ ಹತ್ತಿಸಲು ಬಂದ. ನನ್ನ ಮಾತಿಗೆ ಉತ್ತರ ಕೊಡಬೇಕೆಂದು ಬಾಯಿ ತೆರೆದ, ಬಸ್ ಬಂತು. ಇಷ್ಟು ವರ್ಷದಲ್ಲಿ ಒಂದು ದಿನವೂ ಸರಿಯಾದ ಹೊತ್ತಿಗೆ ಬಾರದ ಬಸ್ಸು ಅವತ್ತು ಬಂತು.

"ಇನ್ಮೇಲೆ ಖಾಲಿ ಬರಬೇಡಿ" ಎಂದು ಕಿಟಕಿಯಿಂದ ಕೂಗಿದೆ. ಅವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

ಸೂರ್ಯಕಾಂತಿ ತಲೆ ಬಗ್ಗಿಸುವವರೆಗೆ ನಾನು ವರ್ಕ್‌ಶಾಪಿಗೆ ಬಂದ ಪ್ರತಿ ಲಾರಿಯನ್ನೂ ಲೋಡ್ ಸಮೇತ ಅಳೆದೆ. ಗಿರಾಕಿಗಳು ಗೊಣಗಿದರು. ಅಪ್ಪ ಕುರ್ಚಿಯಲ್ಲಿ ಕೂತು ಮೂಗು ಸವರಿಕೊಂಡು ನಕ್ಕರು.

ಒಂದು ಮಧ್ಯಾಹ್ನ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಹಿಂದಿನ ಶೆಡ್ಡಿನಲ್ಲಿ ಲೇತ್ ತಟ್ಟನೆ ನಿಂತಿತು. ನಾನು ಜಡೆಗೆ ಕೈ ಹಾಕಿದೆ, ಬಿಚ್ಚುವಷ್ಟರಲ್ಲಿ ದೊಡ್ಡಮ್ಮ ಅಂಗಳಕ್ಕೆ ಬಂದುಬಿಟ್ಟಳು. ಹಿಂದೆ ಪೆಟ್ಟಿಗೆಗಳು ಸಾಲಾಗಿದ್ದವು, ಪ್ರತಿಯೊಂದರ ಬಾಗಿಲಿಗೂ ಬಿಗಿಯಾದ ಜಾಲರಿ. ಅಪ್ಪ ಕುರ್ಚಿ ಸಮೇತ ಒಳಗೆ ಸರಿದರು.

ಅವನು ಇಳಿದ. ಬಿಸಿಲಿಗೆ ಕಪ್ಪಾಗಿದ್ದ. ಎರಡೂ ಶೂಗಳಿಗೆ ಒಂದೇ ಬಣ್ಣದ ದಾರ ಕಟ್ಟಿದ್ದ.

"ಮತ್ತೆ ನಡುಗ್ತಿದೆ" ಎಂದ.

ಅವನನ್ನು ಕಂಡ ಸಂತೋಷವೆಲ್ಲ ಕಾಲಿನಿಂದ ಇಳಿದುಹೋಯಿತು. ಏನು ತಪ್ಪಿದೆ? ಸ್ಪ್ರಿಂಗ್ ಕುಸಿಯಿತೋ, ಬ್ರಾಕೆಟ್ ಸಡಿಲವಾಯಿತೋ? "ಕೀ ಕೊಡಿ. ಹತ್ತಿ" ಎಂದೆ.

ಬೈಪಾಸಿನಲ್ಲಿ ಐವತ್ತು ದಾಟಿತು. ಅರವತ್ತು ದಾಟಿತು. ಡ್ಯಾಶ್‌ಬೋರ್ಡಿನ ಮೇಲೆ ಅವನು ಒಂದು ಜೇನಿನ ಬಾಟಲಿ ಇಟ್ಟಿದ್ದ, ಅದರಲ್ಲಿ ಬಿಸಿಲು ನಿಂತುಕೊಂಡಿತ್ತು. ಎಪ್ಪತ್ತಕ್ಕೆ ಒಯ್ದೆ. ಬಾಟಲಿ ಮಿಸುಕಲಿಲ್ಲ. ಸೀಟಿನ ಕೆಳಗೆ ಕಿವಿಗೊಟ್ಟೆ, ಬಾಗಿಲಿಗೆ ಅಂಗೈ ಒತ್ತಿ ನೋಡಿದೆ.

"ಎಲ್ಲಿ ನಡುಗ್ತಿದೆ?"

ಅವನು ಕಿಟಕಿಯ ಆಚೆ ನೋಡುತ್ತಿದ್ದ. ಕಿವಿಗಳು ಕೆಂಪಗಾಗಿದ್ದವು.

"ನಾನು ಸುಳ್ಳು ಹೇಳಲ್ಲ ಅಂದಿದ್ದೆ, ಅಲ್ವಾ?"

"ಹ್ಞೂಂ."

"ಇವತ್ತು ಹೇಳಿದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸ್ಟಿಯರಿಂಗಿನ ಮೇಲಿದ್ದ ನನ್ನ ಕೈಯೇ ನಡುಗತೊಡಗಿತು. ಅವನು ಅದನ್ನು ನೋಡಿದ. ಈ ಸಲ ಅವನ ಕೈ ಅರ್ಧಕ್ಕೆ ನಿಲ್ಲಲಿಲ್ಲ, ಬಂದು ನನ್ನ ಕೈಯ ಮೇಲೆ ಕೂತಿತು.

"ದಿನಾ ಇದೇ ಸುಳ್ಳು ಹೇಳ್ಕೊಂಡು ಬರೋಕಾಗಲ್ಲ" ಎಂದ. "ಪೆಟ್ಟಿಗೆ ತುಂಬಾ ಭಾರ. ನಿಮ್ಮ ಶೆಡ್ಡಿನ ಹಿಂದೆ ಜಾಗ ಇದೆಯಲ್ಲ, ಅಲ್ಲಿ ಇಳಿಸಿಬಿಡ್ಲಾ? ನಿಮ್ಮ ಅಪ್ಪನ್ನ ನಾನೇ ಕೇಳ್ತೀನಿ."

"ಅಪ್ಪನ ಮೂಗನ್ನ ಕೇಳಬೇಕು."

"ಮೂಗನ್ನೂ ಕೇಳ್ತೀನಿ."

ಬೈಪಾಸಿನಿಂದ ವರ್ಕ್‌ಶಾಪಿಗೆ ಹೋಗುವ ತಿರುವು ಬಂತು. ನಾನು ಇಂಡಿಕೇಟರ್ ಹಾಕಲಿಲ್ಲ. ತಿರುವು ಹಿಂದಕ್ಕೆ ಹೋಯಿತು.

"ತಿರುವು ತಪ್ಪಿತು" ಎಂದ ಅವನು.

"ಗೊತ್ತು. ಇನ್ನೂ ಸ್ವಲ್ಪ ದೂರ ಓಡಿಸಿ ನೋಡಬೇಕು. ಎಲ್ಲೋ ಒಂದು ಸದ್ದು ಬರ್ತಿದೆ."

"ಸುಳ್ಳು."

"ಹೌದು" ಎಂದೆ.